ಕೊನೆಯ ಹೂಂ ಎಲ್ಲಿತ್ತೋ ಅಲ್ಲಿಂದ

ಪೈಪಣ್ಣ ಸೋಮವಾರ ಸಂಜೆ ತೀರಿಕೊಂಡ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದವನು ಕೂತ ಹಾಗೇ ಹೋದ. ಹೃದಯ ನಿಂತಿತು ಎಂದರು ಡಾಕ್ಟರು. ಪಕ್ಕದಲ್ಲಿದ್ದವರು ನಿದ್ದೆ ಬಂದಿರಬೇಕು ಎಂದುಕೊಂಡು, ಬಸ್ಸು ಬಂದಾಗ ಭುಜ ತಟ್ಟಿ ಎಬ್ಬಿಸಲು ನೋಡಿದರಂತೆ. ಅವನ ಚೀಲದಲ್ಲಿ ಒಂದು ಸ್ಪ್ಯಾನರು, ಒಂದಷ್ಟು ವಾಷರು, ಅರ್ಧ ಓದಿದ ಪುಸ್ತಕ, ಹೆಂಡತಿ ತರಲು ಹೇಳಿದ್ದ ಸೋಪು ಇದ್ದವು.

"ಸೋಪು ತರೋದು ಮರೀಲಿಲ್ಲ ನೋಡಿ. ಬರೋದು ಮರೆತರು," ಎಂದಳು ಅವನ ಹೆಂಡತಿ. ಅಂದು ತಾನೇ ನಕ್ಕಳು, ಆಮೇಲೆ ಅತ್ತಳು.

ಸ್ಪ್ಯಾನರು ವಾಷರು ಕಂಡು ಆಸ್ಪತ್ರೆಯವರು ಅವನನ್ನು ಪ್ಲಂಬರ್ ಎಂದುಕೊಂಡರು. ಬದುಕಿದ್ದರೆ ಅವನು ತಿದ್ದುತ್ತಿರಲಿಲ್ಲ. ಬದುಕಿದ್ದಾಗಲೂ ಅರ್ಧ ಊರು ಹಾಗೇ ತಿಳಿದಿತ್ತು.

ಅವನ ನಿಜವಾದ ಕೆಲಸ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವುದು. ಮುದ್ರಣಾಲಯವೊಂದರ ಮೇಲಿನ ಮಹಡಿಯಲ್ಲಿ, ಕೆಳಗಿನ ಯಂತ್ರ ಓಡಿದಾಗಲೆಲ್ಲ ನಡುಗುವ ಒಂದು ಕೋಣೆ. ಅಲ್ಲಿ ಅವನ ಮೇಜು. ಅವನ ವೃತ್ತಿಯಲ್ಲಿ ಒಂದು ಮಾತಿದೆ. ಒಂದು ಪ್ರೋಗ್ರಾಂ ಹೇಳಿದ್ದನ್ನು ಇನ್ನೊಂದಕ್ಕೆ ಮುಟ್ಟಿಸುವ ದಾರಿಗೆ ಪೈಪ್ ಅನ್ನುತ್ತಾರೆ. ಕೇಳುತ್ತಿದ್ದದ್ದು ಮೊದಲೇ ಎದ್ದು ಹೋಗಿ, ಹೇಳುತ್ತಿದ್ದದ್ದು ಅದು ಗೊತ್ತಿಲ್ಲದೆ ಇನ್ನೂ ಒಂದು ಮಾತು ಹೇಳಹೊರಟರೆ, ಪೈಪ್ ಒಡೆಯಿತು ಎಂದು ಕಂಪ್ಯೂಟರು ದೂರು ಹೇಳುತ್ತದೆ. ಹೇಳುತ್ತಿದ್ದ ಪ್ರೋಗ್ರಾಂ ಅಲ್ಲೇ ನೆಲಕ್ಕೆ ಬೀಳುತ್ತದೆ.

ಮದುವೆಯಾದ ಹೊಸದರಲ್ಲಿ ಒಂದು ಬೆಳಗ್ಗೆ ಅವನು ಮನೆಯ ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ಕೂಗುತ್ತಿದ್ದ: "ಪೈಪ್ ಒಡೆದಿದೆ ಅಂತ ಹೇಳ್ತಾ ಇದೀನಲ್ಲ. ಆ ಕಡೆ ಯಾರೋ ಮುಚ್ಚಿದಾರೆ. ನಾನು ಬಂದು ನೋಡ್ತೀನಿ, ಯಾರೂ ಕೈ ಹಾಕಬೇಡಿ."

ಕೆಳಗಿನ ಮನೆಯಾಕೆ ಬಕೆಟ್ಟು ಹಿಡಿದು ಹೊರಗೆ ಬಂದಳು. "ಹೇಗೂ ಹೊರಟಿದೀರಲ್ಲ ಅಣ್ಣಾ, ನಮ್ಮನೇದೂ ಒಂದು ನೋಡ್ಕೊಂಡು ಹೋಗಿ. ನಿನ್ನೆಯಿಂದ ಸೋರ್ತಾ ಇದೆ."

ಇಲ್ಲ ಎನ್ನುವುದು ಅವನ ಬಾಯಲ್ಲಿ ಹುಟ್ಟಿದ್ದೇ ಅಲ್ಲ. ಹೋದ. ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಯೋಚಿಸಿದ. ಕೊನೆಗೆ ತನ್ನ ಕರ್ಚೀಫು ಬಿಗಿದು ಕಟ್ಟಿ, ತಲೆಯಿಂದ ಕಾಲಿನವರೆಗೆ ತೊಯ್ದು ಮೇಲೆ ಬಂದ. ಹೆಂಡತಿ ಟವೆಲು ಕೊಡುತ್ತಾ, "ನಿಮ್ಮ ಆಫೀಸಲ್ಲಿ ಒಡೆದದ್ದು ಕಣ್ಣಿಗೆ ಕಾಣಲ್ಲ, ಇಲ್ಲಿ ಒಡೆದದ್ದು ಮೈ ನೆನೆಸುತ್ತೆ. ವ್ಯತ್ಯಾಸ ತಿಳೀತಾ?" ಎಂದಳು. ಅಂದೇ ಸಂಜೆ ಅವನು ಸ್ಪ್ಯಾನರು ಕೊಂಡುತಂದ. ಹೆಸರು ಪೈಪಣ್ಣ ಎಂದು ನಿಂತಿತು. ಮುಂದೆ ಬೀದಿಯ ನಲ್ಲಿಗಳೆಲ್ಲ ಅವನ ಕೈಗೆ ಪಳಗಿದವು.

ಈ ಹೆಂಡತಿಗೆ ಒಂದು ಅಭ್ಯಾಸವಿತ್ತು. ಹೇಳಬೇಕಾದ್ದು ಹೇಳಿದ್ದೇ ತಡ, ಫೋನ್ ಇಟ್ಟುಬಿಡುವಳು. ಅವನಿಗೋ ಮಾತು ಮುಗಿಸುವುದಕ್ಕೆ ಒಂದು ಕ್ರಮ ಬೇಕು: ಸರಿ ಕಣೇ, ಹಾಗಾದ್ರೆ ಇಡ್ಲಾ, ಇಡ್ತೀನಿ. ಸತ್ತ ಫೋನಿಗೆ ಇಷ್ಟನ್ನೂ ಒಪ್ಪಿಸಿ ಅವನು ಜೇಬಿಗೆ ಹಾಕುತ್ತಿದ್ದ. ನೋಡಿದವರು ನಗುತ್ತಿದ್ದರು. "ಗೋಡೆಗೆ ಹೇಳಿದ ಹಾಗಾಯ್ತಲ್ಲೋ," ಎಂದರೆ, "ಗೋಡೇನೂ ಒಂದು ಮಾತು ಕೇಳಲಿ ಬಿಡು," ಎನ್ನುವನು. ಅವನ ಬಾಳಿನಲ್ಲಿ ನಾವು ಕಂಡ ದೊಡ್ಡ ಕೆಲಸ ಅವನ ಈ ಅಭ್ಯಾಸದಿಂದಲೇ ಕೆಟ್ಟಿತು, ಆಮೇಲೆ ಸರಿಹೋಯಿತು.

ಊರ ಲೈಬ್ರರಿಯ ಹಿಂಭಾಗದಲ್ಲಿ ಒಂದು ಸಣ್ಣ ಕೋಣೆಯಿದೆ. ಕಣ್ಣು ಕಾಣದವರು ಅಲ್ಲಿ ಕೂತು ಪುಸ್ತಕ ಕೇಳುತ್ತಾರೆ. ಮೇಜಿನ ಮೇಲೆ ಕಂಪ್ಯೂಟರು, ಅದರ ಪಕ್ಕದಲ್ಲಿ ಬೇರೆಯೇ ಸ್ವಿಚ್ಚಿರುವ ಒಂದು ದನಿಪೆಟ್ಟಿಗೆ. ಕಂಪ್ಯೂಟರಿನ ಪ್ರೋಗ್ರಾಂ ಸಾಲು ಸಾಲಾಗಿ ಪುಸ್ತಕ ಕಳಿಸುತ್ತದೆ, ಪೆಟ್ಟಿಗೆ ಗಟ್ಟಿಯಾಗಿ ಓದುತ್ತದೆ. ದಿನವಿಡೀ ಒಬ್ಬರಾದ ಮೇಲೆ ಒಬ್ಬರು ಬರುವರು. ಯಾರು ಎಲ್ಲಿಗೆ ನಿಲ್ಲಿಸಿದರೋ ಆ ಗುರುತನ್ನು ಪ್ರೋಗ್ರಾಂ ಇಟ್ಟುಕೊಂಡು ಮರುದಿನ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ. ಇದನ್ನು ಬರೆದುಕೊಟ್ಟವನು ಪೈಪಣ್ಣ. ಲೈಬ್ರರಿ ನೋಡಿಕೊಳ್ಳುವ ಮೇಡಂ ಅವನ ಶಾಲೆಯ ಗೆಳತಿ, ಕೇಳಿದ್ದರು. ಇಲ್ಲ ಎನ್ನುವುದು ಹೇಗೂ ಅವನಿಗೆ ಬರುತ್ತಿರಲಿಲ್ಲ.

ದಿನದ ಕೊನೆಯ ಸರದಿ ಟೈಲರಮ್ಮನದು. ಆಯಸ್ಸೆಲ್ಲ ಹೊಲಿಗೆ ಹೊಲಿದು, ವಯಸ್ಸಾದ ಮೇಲೆ ಕಣ್ಣು ಕಳೆದುಕೊಂಡ ಹೆಂಗಸು. ಆಕೆ ಹೊಲಿಯುತ್ತಿದ್ದಾಗ ಗಂಡ ಪಕ್ಕದಲ್ಲಿ ಕೂತು ಕಾದಂಬರಿ ಓದಿ ಹೇಳುತ್ತಿದ್ದನಂತೆ. ಒಂದು ದಪ್ಪ ಪುಸ್ತಕ, ದೋಣಿ ನಡೆಸುವ ಅಣ್ಣತಮ್ಮಂದಿರ ಕಥೆ. ಜಗಳವಾಡಿ ತಮ್ಮ ಊರು ಬಿಡುತ್ತಾನೆ. ಅವನು ಹಿಂದಿರುಗಿ ಬಂದನೋ ಇಲ್ಲವೋ ಎಂಬಷ್ಟು ಹೊತ್ತಿಗೆ ಓದುವ ಗಂಡನೇ ತೀರಿಕೊಂಡ. ಕಥೆ ಅಲ್ಲಿಗೇ ನಿಂತಿತ್ತು. ಗಂಡನ ದನಿ ಬಿಟ್ಟು ಬೇರೆ ದನಿಯಲ್ಲಿ ಮುಂದಕ್ಕೆ ಕೇಳಲು ಆಕೆಗೆ ವರ್ಷಗಳೇ ಮನಸ್ಸಾಗಿರಲಿಲ್ಲ. ಈಗ ಮೊದಲಿಂದ ಕೇಳಿ, ಕೊನೆ ಮುಟ್ಟಿಸಿ, ಆಮೇಲೆ ಮುಂದಿನದು ಎಂದು ನಿರ್ಧರಿಸಿದ್ದಳು. ಕೊನೆ ಹೇಳಿಬಿಡುತ್ತೇವೆ ಎಂದವರಿಗೆ, "ಹೇಳಿದ್ರೆ ನಾಲಿಗೆಗೆ ಸೂಜಿ," ಎಂದು ಎಚ್ಚರಿಸಿದ್ದಳು.

ಆಕೆ ಕೇಳುವ ರೀತಿಯೇ ಬೇರೆ. ಪೆಟ್ಟಿಗೆ ಒಂದು ವಾಕ್ಯ ಓದಿದರೆ "ಹೂಂ" ಎನ್ನುವಳು. ಇನ್ನೊಂದಕ್ಕೆ "ಹೂಂ ಹೂಂ". ದುಃಖದ ಕಡೆ ಉದ್ದದ "ಹೂಂ". "ಅದಕ್ಕೇನು ಕಿವಿ ಇದೆಯಾ ಟೈಲರಮ್ಮಾ?" ಎಂದು ಪೈಪಣ್ಣ ಒಮ್ಮೆ ಕೇಳಿದ.

"ಅದಕ್ಕಿಲ್ಲದಿದ್ರೆ ಏನಂತೆ, ನನಗೆ ಬಾಯಿದೆ. ಹೂಂಗುಡದೆ ಕಥೆ ಕೇಳಿದ್ರೆ ಕದ್ದು ಕೇಳಿದ ಹಾಗೆ."

ಅವನ ಪ್ರೋಗ್ರಾಮಿನಲ್ಲಿ ಆಕೆ ಮಾಡಿಸಿದ ತಿದ್ದುಪಡಿಯೂ ಒಂದಿತ್ತು. ಮೊದಲು ಅದು ಸಂಜೆ ನಿಲ್ಲುವಾಗ "ಮುಗಿಯಿತು" ಎನ್ನುತ್ತಿತ್ತು. ಟೈಲರಮ್ಮ ಸಿಟ್ಟಾದಳು. "ಯಾರ ಮನೆಯಿಂದಾದ್ರೂ ಎದ್ದು ಹೋಗೋವಾಗ ಮುಗೀತು ಅಂತಾರೇನಯ್ಯಾ? ಬರ್ತೀನಿ ಅನ್ನಲಿ." ಪೈಪಣ್ಣ ನಾಚಿಕೊಂಡು ಬದಲಾಯಿಸಿದ. ಅಂದಿನಿಂದ ನಿಲ್ಲುವ ಮುಂಚೆ ಪೆಟ್ಟಿಗೆ "ಬರ್ತೀನಿ" ಎನ್ನುತ್ತಿತ್ತು, ಟೈಲರಮ್ಮ "ಹೂಂ, ಬಾ" ಎನ್ನುತ್ತಿದ್ದಳು.

ಎಲ್ಲ ಸರಿಯಾಗಿ ನಡೆಯುತ್ತಿದ್ದಾಗ ಮೇಡಂಗೆ ಮುಂದಿನ ಕೌಂಟರಿನ ಕೆಲಸ ಹೆಚ್ಚಿತು. ಸಂಜೆ ಆ ಕೋಣೆ ಮುಚ್ಚುವ ಹೊಣೆ ಕಾವಲುಗಾರನಿಗೆ ಬಂತು. ಅಲ್ಲಿಂದ ಟೈಲರಮ್ಮನ ಕಥೆ ಕೆಟ್ಟಿತು. ಎಷ್ಟೇ ಕೇಳಲಿ, ಮರುದಿನ ಬಂದರೆ ಕಥೆಯ ತಮ್ಮ ಊರು ಬಿಡಲು ಮತ್ತೆ ದೋಣಿ ಹತ್ತುತ್ತಿದ್ದ. ಅದರ ಮರುದಿನವೂ ಹತ್ತುತ್ತಿದ್ದ.

"ಪಾಪ, ಹತ್ತಿ ಹತ್ತಿ ಅವನ ಮಂಡಿ ಸವೆದಿರಬೇಕು," ಎಂದಳು ಆಕೆ ಮೊದಲು. ಆಮೇಲೆ ತಮಾಷೆ ನಿಂತಿತು.

ಯಾಕೆಂದರೆ ಬೇರೆ ಯಾರಿಗೂ ಹೀಗಾಗುತ್ತಿರಲಿಲ್ಲ. ಬೆಳಗಿನವರಿಗೆ, ಮಧ್ಯಾಹ್ನದವರಿಗೆ ಎಲ್ಲರ ಗುರುತೂ ಇತ್ತು. ಪೈಪಣ್ಣ ಬಂದು ತಾನೇ ಓಡಿಸಿ, ತಾನೇ ನಿಲ್ಲಿಸಿ, ತಾನೇ ಮತ್ತೆ ಓಡಿಸಿ ನೋಡಿದ. ಸರಿಯಾಗೇ ಇತ್ತು. ಟೈಲರಮ್ಮನನ್ನು ಕರೆದೊಯ್ಯಲು ಬರುವ ಮಗಳು ಅವನನ್ನು ಪಕ್ಕಕ್ಕೆ ಕರೆದಳು.

"ಬೇಜಾರು ಮಾಡ್ಕೋಬೇಡಿ. ಅಮ್ಮಂಗೆ ಅರಳುಮರಳು ಶುರುವಾಗಿರಬೇಕು. ಕೇಳಿದ್ದನ್ನೇ ಮರೀತಾಳೆ, ನಿಮ್ಮ ಯಂತ್ರದ ಮೇಲೆ ಹಾಕ್ತಾಳೆ. ಈ ತಿಂಗಳು ನೋಡ್ತೀನಿ, ಆಮೇಲೆ ಕರ್ಕೊಂಡು ಬರೋದು ನಿಲ್ಲಿಸ್ತೀನಿ. ಮನೇಲೇ ಇರಲಿ."

ಮಗಳು ಮೆಲ್ಲಗೇ ಹೇಳಿದಳು. ಆದರೆ ಟೈಲರಮ್ಮನ ಕಿವಿ ಸೂಜಿಯಷ್ಟೇ ಚೂಪು. ಕುರ್ಚಿಯಲ್ಲಿ ಆಕೆ ತನ್ನ ಸೆರಗಿನ ಅಂಚನ್ನು ಬೆರಳಿನಿಂದ ಅಳೆಯುತ್ತಾ ಕೂತಿದ್ದಳು, ಮುಖ ಸಣ್ಣದಾಗಿತ್ತು. ಪೈಪಣ್ಣ ಪಕ್ಕದಲ್ಲಿ ಕೂತ.

"ನಿನ್ನ ಯಂತ್ರಕ್ಕೆ ನನ್ನ ಮೇಲೆ ಕೋಪ ಬಂದಿದೆ ಕಣಯ್ಯಾ," ಎಂದಳು ಆಕೆ. "ಈಗೀಗ ಹೋಗೋವಾಗ ಬರ್ತೀನಿ ಅಂತ ಕೂಡ ಅನ್ನಲ್ಲ."

"ಏನಂದ್ರಿ?"

"ಬರ್ತೀನಿ ಅನ್ನಲ್ಲ. ಮೇಡಂ ಮುಚ್ಚುತ್ತಿದ್ದಾಗ ಅಂತಿತ್ತು. ಈಗ ಟಪ್ ಅಂತ ಸದ್ದು, ಅಷ್ಟೇ. ನಾನು ಹೂಂ ಅನ್ನೋಕೆ ಕಾಯ್ತಾ ಕೂತಿರ್ತೀನಿ."

ಪೈಪಣ್ಣ ಅಂದು ಮನೆಗೆ ಹೋಗಲಿಲ್ಲ. ಕೋಣೆ ಮುಚ್ಚುವವರೆಗೆ ಅಲ್ಲೇ ಕೂತ. ಕಾವಲುಗಾರ ಬಂದ. ಬಂದವನೇ ದನಿಪೆಟ್ಟಿಗೆಯ ಸ್ವಿಚ್ಚು ಆರಿಸಿದ, ಟಪ್. ಆಮೇಲೆ ಕಂಪ್ಯೂಟರಿನ ಗುಂಡಿ ಒತ್ತಿದ. ಆಮೇಲೆ ಕಿಟಕಿ, ದೀಪ, ಬಾಗಿಲು.

"ಪೆಟ್ಟಿಗೆ ಯಾಕಪ್ಪಾ ಮೊದಲು?"

"ಅದು ಗೊರ್ ಅಂತಿರುತ್ತೆ ಸಾರ್. ಕಿಟಕಿ ಚಿಲಕ ಬಿದ್ದದ್ದು ನನಗೆ ಕಿವೀಲಿ ಕೇಳಬೇಕು. ಮೊದಲು ಸದ್ದು, ಆಮೇಲೆ ಮಿಕ್ಕಿದ್ದು. ತಪ್ಪಾ?"

"ತಪ್ಪು ನಿಂದಲ್ಲ," ಎಂದ ಪೈಪಣ್ಣ, ತಲೆಗೆ ಕೈ ಹೊತ್ತು. ಆಮೇಲೆ ನಗಲು ತೊಡಗಿದ. ಎಷ್ಟು ನಕ್ಕನೆಂದರೆ ಕಾವಲುಗಾರ ನೀರು ತಂದುಕೊಟ್ಟ.

ಆಗುತ್ತಿದ್ದದ್ದು ಇಷ್ಟು. ನಿಲ್ಲುವ ಗುಂಡಿ ಒತ್ತಿದಾಗ ಪ್ರೋಗ್ರಾಂ ಮೊದಲು ಪೆಟ್ಟಿಗೆಗೆ "ಬರ್ತೀನಿ" ಎಂದು ಕಳಿಸಿ, ಆಮೇಲೆ ಕೊನೆಯವರ ಗುರುತು ಬರೆದಿಡುತ್ತಿತ್ತು. ಮೊದಲು ಮರ್ಯಾದೆ, ಆಮೇಲೆ ಕೆಲಸ. ಬರೆದವನ ಗುಣವೇ ಅದು. ಪೆಟ್ಟಿಗೆ ಮೊದಲೇ ಆರಿದ್ದರೆ "ಬರ್ತೀನಿ" ಕೇಳಲು ಆ ಕಡೆ ಯಾರೂ ಇಲ್ಲ. ಪೈಪ್ ಒಡೆಯುತ್ತದೆ, ಪ್ರೋಗ್ರಾಂ ಅಲ್ಲೇ ಬೀಳುತ್ತದೆ, ಗುರುತು ಅದರ ಹೊಟ್ಟೆಯಲ್ಲೇ ಉಳಿಯುತ್ತದೆ. ಮಿಕ್ಕವರದು ಸರದಿ ಬದಲಾದಾಗಲೇ ಬರೆದಾಗಿರುತ್ತಿತ್ತು. ಕೊನೆಯ ಸರದಿಯವಳು ಟೈಲರಮ್ಮ ಒಬ್ಬಳೇ.

"ಅವನಿಗೇ ಹೇಳು, ಕಂಪ್ಯೂಟರು ಮೊದಲು ಆರಿಸಲಿ," ಎಂದರು ಮೇಡಂ.

"ಬೇಡ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಗುತ್ತೆ. ಇವನಿಗೆ ಹೇಳಿದ್ರೆ ಇವನು ಮಾಡ್ತಾನೆ, ನಾಳೆ ಇನ್ನೊಬ್ಬ ಬರ್ತಾನೆ. ಕರೆಂಟು ಯಾರ ಮಾತೂ ಕೇಳಲ್ಲ. ಕೇಳೋರು ಎದ್ದು ಹೋದ್ರು ಅಂತ ಹೇಳೋನು ಎದೆ ಒಡ್ಕೊಂಡು ಸಾಯಬಾರದು."

ಅವನ ಮೊದಲ ತಿದ್ದುಪಡಿ ಅವಸರದ್ದು. ಪೈಪ್ ಒಡೆದರೆ ಲೆಕ್ಕಿಸಬೇಡ, ಏನೂ ಆಗದವನಂತೆ ಮುಂದುವರಿ ಎಂದು ಪ್ರೋಗ್ರಾಮಿಗೆ ಹೇಳಿಬಿಟ್ಟ. ಕೆಲವು ದಿನ ಕಥೆಯ ತಮ್ಮ ಸುಖವಾಗಿ ಪ್ರಯಾಣ ಮಾಡಿದ. ಆಮೇಲೊಂದು ಸಂಜೆ ಟೈಲರಮ್ಮನ ಕುರ್ಚಿಯ ಕಾಲು ಸಿಕ್ಕಿ ಪೆಟ್ಟಿಗೆಯ ಪ್ಲಗ್ಗು ಕಿತ್ತುಬಂತು. ಕೋಣೆ ನಿಶ್ಶಬ್ದ. ಕಥೆಯಲ್ಲಿ ದುಃಖದ ಜಾಗ, ಓದುವವನು ಗಂಟಲು ಸರಿಮಾಡಿಕೊಳ್ಳುತ್ತಿರಬೇಕು ಎಂದು ಆಕೆ ತಾಳ್ಮೆಯಿಂದ ಕಾದಳು. ಇತ್ತ ಪ್ರೋಗ್ರಾಂ, ಯಾರೂ ಕೇಳದಿದ್ದರೂ ಲೆಕ್ಕಿಸದೆ, ಪುಟದ ಮೇಲೆ ಪುಟ ಶೂನ್ಯಕ್ಕೆ ಓದಿಹಾಕಿತು. ಪೆಟ್ಟಿಗೆಯ ನಿಧಾನವೂ ಇಲ್ಲದ ಕಾರಣ ಓಟದಲ್ಲಿ ಓದಿತು.

ಮರುದಿನ ಟೈಲರಮ್ಮ ಫೋನ್ ಮಾಡಿಸಿದಳು. "ಪೈಪಣ್ಣಾ, ನಿನ್ನೆ ದೋಣಿ ಇಳಿದ ಹುಡುಗನಿಗೆ ಇವತ್ತು ಮೀಸೆ ಬಂದ ಮಗ ಇದಾನಲ್ಲಯ್ಯಾ. ಮದುವೆಗೆ ನನ್ನ ಕರೀಲೇ ಇಲ್ಲ."

ಅವನು ಓಡಿಬಂದ. ಹಿಂದಿನ ಗುರುತಿಗೆ ತಾನೇ ತಿರುಗಿಸಿಕೊಟ್ಟು, ಕ್ಷಮೆ ಕೇಳಿದ. ಈ ಸಲ ಕೂತು ಯೋಚಿಸಿದ. ಕೆಲಸದ ನಡುವೆ ಕೇಳುವವರು ಹೋಗುವುದು ಒಂದು, ಹೊರಡುವ ಹೊತ್ತಿಗೆ ಹೋಗುವುದು ಇನ್ನೊಂದು. ನಡುವೆ ಹೋದರೆ ಹೇಳುವವನು ಅಲ್ಲೇ ನಿಲ್ಲಬೇಕು, ಯಾರಿಗಾದರೂ ತಿಳಿಸಬೇಕು. ಆದರೆ ಮುಚ್ಚಿದ ಬಾಯಿಂದ ಬಾಯಿ ಮುಚ್ಚಿದೆ ಎಂದು ಹೇಳಲಾಗದು; ಅದಕ್ಕೆ ಬೇರೆ ದಾರಿ ಬೇಕು. ಮೇಡಂ ಅವರ ಕೌಂಟರಿನ ಮೇಲೆ ಒಂದು ಕೆಂಪು ದೀಪ ಇಟ್ಟ. ಹೊರಡುವಾಗಲಾದರೆ ಮೊದಲು ಗುರುತು ಬರೆದಿಡುವುದು, ಬರೆದದ್ದು ನಿಂತಿತೆಂದು ಖಚಿತ ಮಾಡಿಕೊಳ್ಳುವುದು. ಆಮೇಲೆ "ಬರ್ತೀನಿ". ಕೇಳಿದರೆ ಸಂತೋಷ. ಕೇಳಲು ಯಾರೂ ಇಲ್ಲವಾದರೆ ದೂರದೆ ಸುಮ್ಮನೆ ಹೋಗುವುದು.

ಇಷ್ಟಾದರೂ ಕೊನೆಗೊಂದು ಕಿರಿಕಿರಿ ಉಳಿಯಿತು. ಎಲ್ಲ ಮುಗಿಸಿ ಹೊರಟ ಪ್ರೋಗ್ರಾಂ ಬಾಗಿಲಲ್ಲಿ ಮತ್ತೆ ಎಡವಿ ಬೀಳುತ್ತಿತ್ತು. ಏನೂ ನಷ್ಟವಿಲ್ಲ, ಆದರೆ ಸಂಜೆ ಸಂಜೆ ಕೆಂಪು ದೀಪ ಹತ್ತಿ ಮೇಡಂ ಸುಮ್ಮನೆ ಓಡಿಬರುವಂತಾಗುತ್ತಿತ್ತು. ಅವನಿಗೆ ಇದರ ಕಾರಣ ಹೊಳೆದದ್ದು ಮನೆಯಲ್ಲಿ, ಚಿಕ್ಕಮ್ಮ ಬಂದು ಹೊರಟ ದಿನ. ಚಿಕ್ಕಮ್ಮ ಬರ್ತೀನಿ ಎಂದು, ಚಪ್ಪಲಿ ಮೆಟ್ಟಿ, ಹೊಸ್ತಿಲು ದಾಟಿದ ಮೇಲೆ, "ಅಂದಹಾಗೆ..." ಎಂದು ತಿರುಗಿದಳು. ಅಷ್ಟರಲ್ಲಿ ಅವನ ಹೆಂಡತಿ ಕದ ಹಾಕಿಯಾಗಿತ್ತು. ಚಿಕ್ಕಮ್ಮನ ಮೂಗಿಗೆ ತಾಗಲಿಲ್ಲ, ಪುಣ್ಯ.

"ಅದೇ! ಬಾಯಲ್ಲಿ ಉಳಿದ ಮಾತು," ಎಂದ ಪೈಪಣ್ಣ.

ಪ್ರೋಗ್ರಾಂ ಹೇಳುವುದನ್ನೆಲ್ಲ ತಕ್ಷಣ ಹೇಳುವುದಿಲ್ಲ. ಒಂದಿಷ್ಟು ಬಾಯಲ್ಲಿ ಕೂಡಿಹಾಕಿಕೊಂಡಿರುತ್ತದೆ, ತೀರಾ ಹೋಗುವ ಗಳಿಗೆಯಲ್ಲಿ ಅದನ್ನು ಉಗುಳಲು ನೋಡುತ್ತದೆ. ಮುಚ್ಚಿದ ಕದಕ್ಕೆ ಚಿಕ್ಕಮ್ಮನ ಅಂದಹಾಗೆ. ಅವನು ಆ ಉಳಿದ ಮಾತಿಗೆ ಬೇರೊಂದು ದಾರಿ ತೋರಿಸಿದ. ಏನು ಹಾಕಿದರೂ ಸದ್ದಿಲ್ಲದೆ ನುಂಗುವ, ಎಂದೂ ತುಂಬದ ಒಂದು ಗುಂಡಿ ಪ್ರತಿ ಕಂಪ್ಯೂಟರಿನಲ್ಲೂ ಇರುತ್ತದಂತೆ. ಕೇಳುವವರಿಲ್ಲ ಎಂದು ತಿಳಿದ ಮೇಲೆ, ಹೊಸ್ತಿಲ ಮಾತು ಅಲ್ಲಿಗೆ ಬೀಳಲಿ ಎಂದ.

"ಅಂಥ ಗುಂಡಿ ನಮ್ಮನೇಲೂ ಇದೆ," ಎಂದಳು ಹೆಂಡತಿ. "ನಾನು ಸೋಪು ತನ್ನಿ ಅಂದದ್ದೆಲ್ಲ ಅಲ್ಲಿಗೇ ಹೋಗೋದು."

ಆಮೇಲೆ ಕೆಡಲಿಲ್ಲ. ಕಾವಲುಗಾರ ತನ್ನ ಮನಸ್ಸಿಗೆ ಬಂದ ಹಾಗೆ ಮುಚ್ಚಿದ. ಒಮ್ಮೆ ಕರೆಂಟೂ ಹೋಗಿ, ಬ್ಯಾಟರಿಯಿದ್ದ ಕಂಪ್ಯೂಟರು ಉಳಿದು ಪೆಟ್ಟಿಗೆಯೊಂದೇ ಆರಿತು. ತಮ್ಮ ಮತ್ತೆ ದೋಣಿ ಹತ್ತಲಿಲ್ಲ. ಪೈಪಣ್ಣ ಮಗಳನ್ನು ಕೂರಿಸಿಕೊಂಡು, "ಅರಳುಮರಳು ನನ್ನ ಪ್ರೋಗ್ರಾಮಿಗಿತ್ತು, ನಿಮ್ಮಮ್ಮಂಗಲ್ಲ. ಅದು ಬರ್ತೀನಿ ಅನ್ನೋದು ನಿಂತದ್ದನ್ನ ಇಡೀ ಲೈಬ್ರರೀಲಿ ಗಮನಿಸಿದೋರು ಅವರೊಬ್ಬರೇ," ಎಂದ. ಮರುದಿನದಿಂದ ಮಗಳು ಅಮ್ಮನನ್ನು ಸ್ವಲ್ಪ ಬೇಗನೇ ಕರೆತಂದಳು. ಕೆಲವೊಮ್ಮೆ ತಾನೂ ಕೂತು ಕೇಳಿದಳು. ಕಾವಲುಗಾರನಿಗೂ ಟೈಲರಮ್ಮ ಬುದ್ಧಿ ಹೇಳಿದ್ದಳು: ಪೆಟ್ಟಿಗೆ ಕೊನೆಗೆ ಆರಿಸು, ಬರ್ತೀನಿ ಅನ್ನಲಿ, ಪಾಪ. ನೆನಪಾದ ದಿನ ಅವನು ಹಾಗೇ ಮಾಡುತ್ತಿದ್ದ. ಮರೆತ ದಿನ ಯಾರಿಗೂ ನಷ್ಟವಿರಲಿಲ್ಲ.

ಕಥೆಯ ಕೊನೆ ಏನಾಯಿತು ಎಂದು ಕೇಳುವವರಿರಬಹುದು. ಪೈಪಣ್ಣ ಹೋದ ಆ ವಾರದ ಕೊನೆಗೆ ಟೈಲರಮ್ಮ ಲೈಬ್ರರಿಗೆ ಬಂದಳು. ಯಾರಾದರೂ ಜೊತೆಗೆ ಕೂರಲೇ ಎಂದರೆ ಬೇಡ ಎಂದಳು. ಪೆಟ್ಟಿಗೆ ಹಿಂದಿನ ಸಲ ಆಕೆ ಕೊನೆಯ ಬಾರಿ ಹೂಂ ಎಂದ ವಾಕ್ಯದಿಂದಲೇ ಎತ್ತಿಕೊಂಡಿತು. ಹೊರಗೆ ಬಂದಾಗ ಕಣ್ಣು ಒದ್ದೆಯಾಗಿತ್ತು. "ತಮ್ಮ ಬಂದ," ಎಂದಳು. "ಬಂದವನು ಮೊದಲು ಕೇಳಿದ್ದೇ ಊಟ. ಗಂಡಸರೇ ಹಾಗೆ." ಮುಂದಿನ ಸರದಿಗೆ ಹೊಸ ಪುಸ್ತಕ, ಹಾಸ್ಯದ್ದಾದರೆ ಒಳ್ಳೆಯದು ಎಂದು ಹೇಳಿ ಹೋದಳು.

ಆ ವಾಕ್ಯ ಯಂತ್ರಕ್ಕೆ ಹೇಗೆ ಗೊತ್ತಾಯಿತು ಎಂಬುದನ್ನು ಕಂಡವರು ಮೇಡಂ ಒಬ್ಬರೇ.

ಸೋಮವಾರ ಇಳಿಹೊತ್ತಿನಲ್ಲಿ ಪೈಪಣ್ಣ ಲೈಬ್ರರಿಯ ನಲ್ಲಿಗೆ ವಾಷರು ಹಾಕಲು ಬಂದಿದ್ದ. ಕೆಲಸ ಮುಗಿಸಿ, ಕೈ ಒರೆಸಿಕೊಂಡು, ಟೈಲರಮ್ಮನ ಪಕ್ಕದ ಕುರ್ಚಿಯಲ್ಲಿ ಕೂತ. ಕೊನೆಯ ಅಧ್ಯಾಯ ಶುರುವಾಗಿತ್ತು. ನದಿಯ ಆಚೆ ದಡದಲ್ಲಿ ಯಾರೋ ನಿಂತು ಕೈಬೀಸುತ್ತಿದ್ದಾರೆ; ಅಣ್ಣ ಹುಟ್ಟು ಕೈಗೆತ್ತಿಕೊಳ್ಳುತ್ತಾನೆ. "ಹೂಂ," ಎಂದಳು ಟೈಲರಮ್ಮ. ಬಿಸಿಲು ಕಿಟಕಿಯಿಂದ ಆಕೆಯ ಮಡಿಲಿಗೆ ಬಿದ್ದಿತ್ತು. ಪೆಟ್ಟಿಗೆ ಮುಂದಿನ ವಾಕ್ಯ ಓದಿತು. ಅದರ ಮುಂದಿನದೂ ಓದಿತು. ಹೂಂ ಬರಲಿಲ್ಲ. ಪೈಪಣ್ಣ ಬಗ್ಗಿ ನೋಡಿದ. ಇಷ್ಟು ವರ್ಷ ಕಾದ ಕೊನೆಗೆ ಇನ್ನು ಎರಡೇ ಪುಟವಿರುವಾಗ ಆಕೆಗೆ ಸೊಗಸಾದ ನಿದ್ದೆ ಹತ್ತಿತ್ತು.

ಅವನು ಪೆಟ್ಟಿಗೆ ಓದುವುದನ್ನು ನಿಲ್ಲಿಸಿದ. ಒಂದು ವಾಕ್ಯ ಹಿಂದೆ ಹೋದ, ಇನ್ನೊಂದು ಹಿಂದೆ ಹೋದ, ಅಣ್ಣ ಹುಟ್ಟು ಕೈಗೆತ್ತಿಕೊಳ್ಳುವಲ್ಲಿಗೆ ಬಂದು ಅಲ್ಲಿ ಗುರುತು ಇಟ್ಟ. ಗುರುತು ನಿಂತಿದೆಯೇ ಎಂದು ಇನ್ನೊಮ್ಮೆ ನೋಡಿದ. ಆಮೇಲೆ ಚೀಲ ಹೆಗಲಿಗೆ ಹಾಕಿಕೊಂಡು, ಟೈಲರಮ್ಮನ ಕಡೆಗೆ ಬಾಗಿ, ಮೆಲ್ಲಗೆ "ಬರ್ತೀನಿ" ಎಂದ. ಉತ್ತರಕ್ಕೆ ಕಾಯಲಿಲ್ಲ. ಸದ್ದಾಗದಂತೆ ಬಾಗಿಲು ಮುಂದೆ ಮಾಡಿಕೊಂಡು ಹೊರಟ.